ಮತ್ತೆ ನಿಲ್ಲೋದಾ, ಮೇಷ್ಟ್ರೆ?

ಆರಿದ್ರೆ ಮಳೆ ಹಿಡಿದ ಮೇಲೆ ಮೇಗರವಳ್ಳಿಯಲ್ಲಿ ಮನೆಗೆ ಬರುವವರ ಮುಖ ಬೇಗ ಕಾಣುವುದಿಲ್ಲ. ಮೊದಲು ಉಣುಗೋಲು ದಾಟಿ ಒಂದು ಕಪ್ಪು ಕೊಡೆ ಬರುತ್ತದೆ. ಅದರಡಿ ಎತ್ತಿ ಕಟ್ಟಿದ ಪಂಚೆ, ಪಂಚೆಯಡಿ ಎರಡು ಕಾಲು. ಕಾಲು ಹಾಕುವ ಗತ್ತು ನೋಡಿಯೇ ಇವರು ಇಂಥವರು ಎಂದು ಗುರುತು ಹಿಡಿಯಬೇಕು. ಮೊನ್ನೆ ಬಂದ ಕಾಲುಗಳು ಅಧ್ಯಕ್ಷರದ್ದು.

ಯಾವುದರ ಅಧ್ಯಕ್ಷರು ಅಂತ ಕೇಳಬೇಡಿ. ಯಾವುದರದ್ದೂ ಅಲ್ಲ. ಹತ್ತು ವರ್ಷದ ಹಿಂದೆ ನಮ್ಮ ಕಡೆಯ ಒಂದು ಸೊಸೈಟಿಗೆ ನಿರ್ದೇಶಕರಾಗಿ ಆರಿಸಿ ಬಂದು, ಅಧ್ಯಕ್ಷಗಿರಿಗೆ ನಿಂತರು. ಹನ್ನೆರಡು ನಿರ್ದೇಶಕರಲ್ಲಿ ಆರು ಇತ್ಲಾಗೆ, ಆರು ಅತ್ಲಾಗೆ. ಚೀಟಿ ಎತ್ತಬೇಕಾಯಿತು. ಪೆಪ್ಪರಮೆಂಟಿನ ಆಸೆಗೆ ಬಂದ ಒಬ್ಬ ಶಾಲೆ ಹುಡುಗ ಡಬ್ಬಕ್ಕೆ ಕೈ ಹಾಕಿ ಇನ್ನೊಬ್ಬರ ಹೆಸರು ತೆಗೆದ. ಇವರಿಗೆಂದು ತಂದಿದ್ದ ಸೇವಂತಿಗೆ ಹಾರ ಅವತ್ತು ಸಂಜೆ ಗಣಪತಿಯ ಕೊರಳಿಗೆ ಬಿತ್ತು. ಆದರೆ ಹಾರ ತರುವಾಗಲೇ ಊರಿನವರು 'ಅಧ್ಯಕ್ಷರೇ' ಅನ್ನಲು ಶುರು ಮಾಡಿಯಾಗಿತ್ತಲ್ಲ, ಹೆಸರನ್ನು ವಾಪಸು ತಗೊಳ್ಳುವ ಕ್ರಮ ನಮ್ಮಲ್ಲಿಲ್ಲ. ಐದು ವರ್ಷ ಬಿಟ್ಟು ಮತ್ತೆ ನಿಂತರು. ಆಗ ನಿರ್ದೇಶಕರಾಗಿಯೇ ಆರಿಸಿ ಬರಲಿಲ್ಲ. ಹದಿನೇಳು ಮತ ಕಡಿಮೆ ಬಿತ್ತು. ಆ ಹದಿನೇಳೂ ತಮ್ಮ ನೆಂಟರದ್ದೇ ಎಂದು ಅವರ ಲೆಕ್ಕ, ಹೆಸರು ಸಮೇತ ಹೇಳುತ್ತಾರೆ.

ಜಗಲಿಗೆ ಬಂದು, ಕೊಡೆ ಮಡಚಿ, ಕಾಲಿಗೆ ಹತ್ತಿದ್ದ ಉಂಬಳಕ್ಕೆ ನಮ್ಮ ಹರಿವಾಣದ ಸುಣ್ಣವನ್ನೇ ಮುಟ್ಟಿಸಿ ಬೀಳಿಸಿದರು. ಆಮೇಲೆ ಕವಳ ಹಾಕಿದರು. ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಎಂತದೋ ಕಾಗದ ಉಬ್ಬಿಕೊಂಡಿತ್ತು. ಅಡಿಕೆ ಧಾರಣೆ, ಕರೆಂಟು, ಮೊಮ್ಮಗನ ಜ್ವರ ಎಲ್ಲ ಮುಗಿದ ಮೇಲೆ ಹೊರಬಂತು ನೋಡಿ ಪ್ರಶ್ನೆ.

"ಸೊಸೈಟಿ ಎಲೆಕ್ಷನ್ ಬಂತಲ್ಲ. ಮತ್ತೆ ನಿಲ್ಲೋದಾ, ಬ್ಯಾಡ್ವಾ? ನೀವು ಓದಿದೋರು. ಹೇಳಿ ಮೇಷ್ಟ್ರೆ."

ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಕೇಳಬಾರದು. ಹೊರಗೆ ಮಳೆ, ಒಳಗೆ ಕಾಫಿಗಿಟ್ಟ ನೀರು, ಎದುರಿಗೆ ಎದ್ದು ಹೋಗಲಾರದ ಒಬ್ಬ ವಿದ್ಯಾರ್ಥಿ. ನಾನು ಚಕ್ಕಳಮಕ್ಕಳ ಹಾಕಿ ಕೂತೆ.

ಮೊದಲು ನನ್ನನ್ನು ಹಿಡಿದದ್ದು ಆ 'ನಿಲ್ಲೋದು' ಎಂಬ ಮಾತು. ಅಮೆರಿಕದವರು ಅಧ್ಯಕ್ಷ ಪದವಿಗೆ ಓಡುತ್ತಾರೆ, ಅವರ ಭಾಷೆಯೇ ಹಾಗೆ. ನಾವು ನಿಲ್ಲುತ್ತೇವೆ. ಓಡುವವನು ಸೋತರೆ ಸ್ವಲ್ಪ ನಿಂತು, ಉಸಿರು ತಗೊಂಡು, ಮತ್ತೆ ಓಡಬಹುದು. ನಿಕ್ಸನ್ ಹಾಗೇ ಮಾಡಿದ. 1960ರಲ್ಲಿ ಕೆನಡಿ ಎದುರು ಸೋತ, 1962ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಲು ಹೋಗಿ ಅದರಲ್ಲೂ ಸೋತ, 1968ರಲ್ಲಿ ಅಧ್ಯಕ್ಷನಾದ. ಬ್ರಯಾನ್ ಎಂಬವನು 1896, 1900, 1908 ಹೀಗೆ ಮೂರು ಸಲ ಓಡಿ ಮೂರು ಸಲವೂ ಸೋತ. ಟ್ರಂಪ್ ಕಥೆ ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೇ ದಿನಾ ನಡೆಯುತ್ತದೆ, ನಾನು ಹೇಳುವ ಅಗತ್ಯವಿಲ್ಲ. ನಮ್ಮ ಭಾಷೆಯಲ್ಲಿ ಮಾತ್ರ ನಿಂತವನು ಗೆದ್ದರೆ ಕೂರುತ್ತಾನೆ, ಸೋತರೆ ಬೀಳುತ್ತಾನೆ. 'ಬಿದ್ದ' ಅಂತಲೇ ಹೇಳುವುದು. ಬಿದ್ದವನು ಏಳುವಾಗ ಊರೆಲ್ಲ ನೋಡುತ್ತದೆ. ಕಷ್ಟ ಇರುವುದು ಅಲ್ಲಿ.

"ಅಮೆರಿಕದ್ದು ಬಿಡಿ," ಎಂದರು ಅಧ್ಯಕ್ಷರು. "ಅಲ್ಲಿ ಷೇರುದಾರರು ಬೇರೆ."

ಸರಿ ಎಂದು ಊರಿಗೆ ಇಳಿದೆ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಬಿದ್ದು ಎದ್ದವರಿಗೆ ಬರಗಾಲವಿಲ್ಲ. ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದರು. ಹಿಂದಿನ ವರ್ಷವಷ್ಟೇ ಕಾಗೋಡು ಸತ್ಯಾಗ್ರಹ ನಡೆದಿತ್ತು, ಗೇಣಿದಾರರ ಎದೆ ಇನ್ನೂ ಬಿಸಿಯಿತ್ತು. 1957ರಲ್ಲಿ ತಮ್ಮದೇ ತೀರ್ಥಹಳ್ಳಿಯಲ್ಲಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣರ ಎದುರು ಸೋತರು. ಅದೇ ಬದರಿನಾರಾಯಣರನ್ನು ಐದು ವರ್ಷದ ಹಿಂದೆ ಇವರು ಸೋಲಿಸಿದ್ದರು. 1962ರಲ್ಲಿ ಗೋಪಾಲಗೌಡರು ಅದೇ ತೀರ್ಥಹಳ್ಳಿಯಲ್ಲಿ ಮತ್ತೆ ನಿಂತು ಗೆದ್ದರು, 1967ರಲ್ಲಿ ಇನ್ನೊಮ್ಮೆ. ಸೋತಾಗಲೇ 'ಸಾಕು' ಎಂದು ಯಾರೋ ಹಿತೈಷಿ ಹೇಳಿ, ಅವರು ಕೇಳಿಬಿಟ್ಟಿದ್ದರೆ? ನಮ್ಮ ವಿಧಾನಸಭೆಗೆ ಒಂದು ದೊಡ್ಡ ಧ್ವನಿ ಹತ್ತು ವರ್ಷ ಇಲ್ಲದೇ ಹೋಗುತ್ತಿತ್ತು. ಹಿತೈಷಿಗಳು ಬಲು ಅಪಾಯದ ಜನ.

ಈಚಿನದ್ದನ್ನೂ ನೋಡಿ. ಸಾಗರದ ಕಾಗೋಡು ತಿಮ್ಮಪ್ಪನವರು 2004ರಲ್ಲಿ, 2008ರಲ್ಲಿ ಎರಡು ಸಲವೂ ಬೇಳೂರು ಗೋಪಾಲಕೃಷ್ಣರ ಎದುರು ಸೋತರು. ಬೇರೆಯವರಾಗಿದ್ದರೆ ಆ ವಯಸ್ಸಿಗೆ ಆರಾಮಕುರ್ಚಿ ಸರಿಮಾಡಿಕೊಳ್ಳುತ್ತಿದ್ದರು. ಇವರು ಎಂಬತ್ತನೇ ವಯಸ್ಸಿಗೆ, 2013ರಲ್ಲಿ ಮತ್ತೆ ನಿಂತು ಗೆದ್ದು, ಹೋಗಿ ಸ್ಪೀಕರ್ ಕುರ್ಚಿಯಲ್ಲೇ ಕೂತರು. ತೀರ್ಥಹಳ್ಳಿಯಲ್ಲಂತೂ 1994ರಿಂದ ಮೂರು ಸಲ ಗೆದ್ದ ಆರಗ ಜ್ಞಾನೇಂದ್ರರು 2008 ಮತ್ತು 2013ರಲ್ಲಿ ಕಿಮ್ಮನೆ ರತ್ನಾಕರರ ಎದುರು ಸೋತು, 2018 ಮತ್ತು 2023ರಲ್ಲಿ ಅವರನ್ನೇ ಸೋಲಿಸಿದರು. ಇಬ್ಬರೂ ಮಂತ್ರಿಯಾದರು. ನಮ್ಮ ಮತದಾರರಿಗೆ ಈ ಇಬ್ಬರನ್ನೂ ಬಿಡಲು ಮನಸ್ಸಿಲ್ಲ, ಒಬ್ಬರನ್ನೇ ಇಟ್ಟುಕೊಳ್ಳಲೂ ಮನಸ್ಸಿಲ್ಲ. ಕೊಟ್ಟೆಕಡುಬಿನ ಜೊತೆ ಒಂದು ದಿನ ಚಟ್ನಿ, ಒಂದು ದಿನ ಬೆಲ್ಲ.

"ಗೆದ್ದೋರ ಕಥೆನೇ ಹೇಳ್ತೀರಿ," ಎಂದರು ಅಧ್ಯಕ್ಷರು, ಕವಳ ಉಗುಳಿ ಬಂದು. "ಮತ್ತೆ ನಿಂತು ಮತ್ತೆ ಬಿದ್ದೋರೂ ಇರ್ತಾರಲ್ಲ."

ಇದ್ದಾರೆ, ಬೇಕಾದಷ್ಟು. ಬೆಂಗಳೂರಿನ ಹೊಟ್ಟೆಪಕ್ಷದ ರಂಗಸ್ವಾಮಿ ಎಂಬತ್ತಕ್ಕೂ ಹೆಚ್ಚು ಚುನಾವಣೆಗೆ ನಿಂತು ಒಂದನ್ನೂ ಗೆಲ್ಲದೆ ಹೋದರು. ಕಾಕಾ ಜೋಗಿಂದರ್ ಸಿಂಗ್ ಎಂಬ 'ಧರ್ತಿ ಪಕಡ್' 1992ರಲ್ಲಿ ರಾಷ್ಟ್ರಪತಿ ಪದವಿಗೇ ನಿಂತು 1,135 ಮತ ತಗೊಂಡರು. ಧರ್ತಿ ಪಕಡ್ ಅಂದರೆ ನೆಲ ಹಿಡಿದವನು. ಬೀಳುವವನಿಗೆ ಇದಕ್ಕಿಂತ ಒಳ್ಳೇ ಹೆಸರಿಲ್ಲ, ನೆಲ ಮೊದಲೇ ಕೈಯಲ್ಲಿದೆ. ಇಂಥವರನ್ನು ನೋಡಿ ನಗುವುದು ಸುಲಭ. ನನಗೆ ಮಾತ್ರ ಕೊನೆಗೌಡನ ನೆನಪಾಗುತ್ತದೆ. ಮರ ಹತ್ತಿ ಮೈಲುತುತ್ತದ ಮದ್ದು ಹೊಡೆದು ಇಳಿದ ಮಾರನೇ ದಿನವೇ ಆಗುಂಬೆ ಕಡೆಯ ಮಳೆ ಬಂದು ಎಲ್ಲ ತೊಳೆದುಹೋಗುತ್ತದೆ, ಕೊಳೆ ಬಂದು ಅಡಿಕೆ ಪೂರಾ ಉದುರುತ್ತದೆ. ಆದರೂ ಮುಂದಿನ ವರ್ಷ ನೂರು ಲೀಟರ್ ನೀರಿಗೆ ಒಂದು ಕೇಜಿ ತುತ್ತ, ಒಂದು ಕೇಜಿ ಸುಣ್ಣ ಕಲಸುತ್ತೇವೆ. 'ಹೋದ ವರ್ಷ ಸೋತೆಯಲ್ಲ, ಮತ್ತೆ ಯಾಕೆ ಮದ್ದು ಹೊಡೀತೀಯ?' ಎಂದು ಯಾವ ಅಡಿಕೆ ಬೆಳೆಗಾರನನ್ನೂ ಯಾರೂ ಕೇಳಿದ್ದಿಲ್ಲ. ಎಲೆಕ್ಷನ್ನಿಗೆ ನಿಂತವನನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ಅಷ್ಟರಲ್ಲಿ ನಮ್ಮ ಮನೆಯವಳು ಕಾಫಿ, ಹಲಸಿನ ಹಪ್ಪಳ ತಂದಿಟ್ಟು, "ಮನೇಲಿ ಅಕ್ಕ ಎಂತ ಹೇಳ್ತಾರೆ?" ಎಂದಳು. ಅಧ್ಯಕ್ಷರು ಹಪ್ಪಳ ಮುರಿಯುವುದರಲ್ಲಿ ಮಗ್ನರಾದರು. ಕಳೆದ ಸಲ ಆ ಮನೆಯಲ್ಲಿ ಒಂದು ತಿಂಗಳಿಗೆ ಐದು ಕೇಜಿ ಕಾಫಿಪುಡಿ ಖರ್ಚಾಗಿತ್ತಂತೆ. 'ಮತ ಬಿದ್ದದ್ದಕ್ಕಿಂತ ಲೋಟ ತೊಳೆದದ್ದು ಜಾಸ್ತಿ' ಎಂದು ಆ ಅಕ್ಕ ಹೇಳಿದ್ದು ಊರಲ್ಲೆಲ್ಲ ಓಡಾಡಿತ್ತು. ಚುನಾವಣಾ ವಿಶ್ಲೇಷಣೆ ಅಂತ ನಾನು ಕೇಳಿದ್ದರಲ್ಲಿ ಅದೇ ಅತಿ ಖಚಿತವಾದದ್ದು.

ಹಪ್ಪಳದ ಬಲದಲ್ಲಿ ನಾನು ರಾಷ್ಟ್ರಪತಿ ಭವನಕ್ಕೇ ಹತ್ತಿದೆ. ಅಧ್ಯಕ್ಷ ಪದವಿಗೆ ನಿಂತು, ಬಿದ್ದು, ಮತ್ತೆ ನಿಂತವರೆಂದರೆ ನೀಲಂ ಸಂಜೀವ ರೆಡ್ಡಿ. ನಮ್ಮ ಗಡಿಗೆ ಅಂಟಿಕೊಂಡ ಅನಂತಪುರ ಜಿಲ್ಲೆಯವರು. ಅವರ ಹೆಸರನ್ನು ಕಾಂಗ್ರೆಸ್ ತೀರ್ಮಾನಿಸಿದ್ದು 1969ರ ಜುಲೈಯಲ್ಲಿ, ನಮ್ಮ ಬೆಂಗಳೂರಿನಲ್ಲಿ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಇಂದಿರಾ ಗಾಂಧಿಯವರಿಗೆ ಆ ಹೆಸರು ಸುತರಾಂ ಇಷ್ಟವಿಲ್ಲ. ಆದರೂ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ಅವರೇ! ಸಹಿ ಹಾಕಿದ ಮೇಲೆ, ಶಾಸಕರೂ ಸಂಸದರೂ ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದುಬಿಟ್ಟರು. ರಾಜಕಾರಣಿಗಳ ಆತ್ಮಸಾಕ್ಷಿಯನ್ನು ಎಬ್ಬಿಸಿದರೆ ಅದು ಯಾರ ಮನೆ ಬಾಗಿಲಿಗೆ ಹೋಗುತ್ತದೋ ಹೇಳಲಾಗದು. ಈ ಸಲ ಅದು ವಿ.ವಿ. ಗಿರಿಯವರ ಮನೆಗೆ ಹೋಯಿತು.

ಅದೂ ಸಲೀಸಾಗಿ ಅಲ್ಲ. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧ ದಾಟಲಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕುವವರು ಒಂದನೇ ಇಷ್ಟ, ಎರಡನೇ ಇಷ್ಟ ಎಂದು ಗುರುತು ಹಾಕಬಹುದು. ಹಿಂದೆ ಬಿದ್ದವರ ಮತಪತ್ರಗಳಲ್ಲಿದ್ದ ಎರಡನೇ ಇಷ್ಟವನ್ನು ಹಂಚಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಇವು ತಲೆಯ ಲೆಕ್ಕವಲ್ಲ, ಬೆಲೆಯ ಲೆಕ್ಕ. ಈಗಲೂ ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131ರ ಬೆಲೆ, ಅದೂ 1971ರ ಜನಗಣತಿ ಲೆಕ್ಕದಲ್ಲಿ. ಆಗ ನಮ್ಮ ಮೇಗರವಳ್ಳಿಯ ಪರವಾಗಿ ಮತ ಹಾಕುವ ಹಕ್ಕಿದ್ದದ್ದು, ಒಮ್ಮೆ ಬಿದ್ದು ಎದ್ದಿದ್ದ ಗೋಪಾಲಗೌಡರಿಗೇ.

"ಚೀಟಿ ಎತ್ತಿದಂಗೇ ಆಯ್ತಲ್ಲ," ಎಂದರು ಅಧ್ಯಕ್ಷರು. ಅವರ ದನಿ ಸ್ವಲ್ಪ ಮೆತ್ತಗಾಗಿತ್ತು. ತಮ್ಮ ಜೊತೆಗೊಬ್ಬರು ಸಿಕ್ಕರಲ್ಲ ಎಂಬ ಸಮಾಧಾನ.

ಲೋಕಸಭೆಯ ಸ್ಪೀಕರ್ ಹುದ್ದೆಯನ್ನೂ ಬಿಟ್ಟು ನಿಂತಿದ್ದ ರೆಡ್ಡಿಯವರು ಊರಿಗೆ ಹೋಗಿ ಬೇಸಾಯಕ್ಕೆ ಇಳಿದರು. ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವ ಜಾಗ ಇದು. ಸೋತ ಮಾರನೇ ದಿನದಿಂದ ಎಲ್ಲರ ಮೇಲೂ ದೂರು ಹೇಳುತ್ತಾ ತಿರುಗುವವನಿಗೂ ಸಾಲು ಹೊಡೆದು ಶೇಂಗಾ ಬಿತ್ತಿಸುವವನಿಗೂ ವ್ಯತ್ಯಾಸವಿದೆ. ಎರಡನೆಯವನನ್ನು ಜನ ತಾವಾಗಿ ಕರೆಯಲು ಬರುತ್ತಾರೆ. 1977ರಲ್ಲಿ ಹಾಗೇ ಆಯಿತು. ಆಂಧ್ರದ 42 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ 41 ಬಾಚಿಕೊಂಡಾಗ ಉಳಿದ ಒಂದೇ ಒಂದು, ನಂದ್ಯಾಲ, ಜನತಾ ಪಕ್ಷದ ರೆಡ್ಡಿಯವರದ್ದು. ಮತ್ತೆ ಸ್ಪೀಕರ್ ಆದರು. ಜುಲೈ ಹೊತ್ತಿಗೆ ಮತ್ತೆ ರಾಷ್ಟ್ರಪತಿ ಪದವಿಗೆ ನಾಮಪತ್ರ. ಒಟ್ಟು 37 ಜನ ನಾಮಪತ್ರ ಹಾಕಿದ್ದರು, 36 ತಿರಸ್ಕೃತವಾದವು. ಎಂಟು ವರ್ಷದ ಹಿಂದೆ ಎರಡನೇ ಇಷ್ಟದಲ್ಲಿ ಸೋತವರು ಈಗ ಅವಿರೋಧ! ಹಂಗಾಮಿಯಾಗಿ ಆ ಕುರ್ಚಿ ನೋಡಿಕೊಳ್ಳುತ್ತಿದ್ದವರು ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿ.

ಕಥೆಗೆ ಇನ್ನೊಂದು ಬಾಲವಿದೆ. ಅದೇ 1977ರಲ್ಲಿ ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ಬಿದ್ದರು. ಎದ್ದು ನಿಲ್ಲಲು ಬಂದದ್ದೆಲ್ಲಿಗೆ? ನಮ್ಮ ಗುಡ್ಡದ ಆಚೆ ಬದಿಗೆ. ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಸ್ಥಾನ ಬಿಟ್ಟುಕೊಟ್ಟರು, 1978ರ ನವೆಂಬರಿನಲ್ಲಿ ವೀರೇಂದ್ರ ಪಾಟೀಲರ ಎದುರು ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನನಗಾಗ ಹದಿನೈದು ವರ್ಷ. ಊರಿನ ದೊಡ್ಡವರು ಲಾರಿ ಹತ್ತಿ ಭಾಷಣ ಕೇಳಲು ಹೋದರು, ಕಾಡುಹಂದಿ ಕಾಯಲು ನನ್ನನ್ನು ಗದ್ದೆಮಾಳದಲ್ಲಿ ಬಿಟ್ಟರು. ಆ ಸಿಟ್ಟು ಇವತ್ತಿಗೂ ಇದೆ. ಸೀಟು ಬಿಟ್ಟುಕೊಟ್ಟ ಚಂದ್ರೇಗೌಡರು 1983ರಲ್ಲಿ ನಮ್ಮ ತೀರ್ಥಹಳ್ಳಿಯಿಂದಲೇ ಗೆದ್ದು ವಿಧಾನಸಭೆಯ ಸ್ಪೀಕರ್ ಆದರು. ಸೋತ ವೀರೇಂದ್ರ ಪಾಟೀಲರು 1989ರಲ್ಲಿ ಎರಡನೇ ಬಾರಿ ಮುಖ್ಯಮಂತ್ರಿಯಾದರು, ಅದೂ ಕಾಂಗ್ರೆಸ್ಸಿನಿಂದ. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದಾಗ ಪ್ರಮಾಣವಚನ ಬೋಧಿಸಿದವರು ಯಾರು? ರಾಷ್ಟ್ರಪತಿ ಸಂಜೀವ ರೆಡ್ಡಿ. ತಮ್ಮ ನಾಮಪತ್ರಕ್ಕೆ ಸಹಿ ಹಾಕಿ ತಮ್ಮನ್ನೇ ಬೀಳಿಸಿದ ಸೂಚಕರ ಎದುರು ಆ ಮನುಷ್ಯ ಆ ದಿನ ಯಾವ ಮುಖ ಇಟ್ಟುಕೊಂಡು ನಿಂತಿದ್ದಿರಬಹುದು!

ನಾನು ಕಥೆಯ ರಸದಲ್ಲಿ ಮುಳುಗಿದ್ದೆ. ಆ ಮೇಲೆ ಕಾನೂನನ್ನೂ ಬಿಗಿ ಮಾಡಿದರು, ರಾಷ್ಟ್ರಪತಿ ಪದವಿಗೆ ನಿಲ್ಲಲು 1997ರಿಂದ 50 ಸೂಚಕರು, 50 ಅನುಮೋದಕರು ಬೇಕು, ಇಡಗಂಟು 15,000 ರೂಪಾಯಿ ಎಂದೆಲ್ಲ ಹೇಳುತ್ತಾ ಹೋದೆ. "ಐವತ್ತು ಜನ ಸೂಚಕರಿದ್ದರೆ ಒಬ್ಬರು ಕೈಕೊಟ್ಟರೂ ನಲವತ್ತೊಂಬತ್ತು ಉಳೀತದೆ ನೋಡಿ. ಒಬ್ಬರೇ ಇದ್ದರೆ ಕಷ್ಟ. ಸೂಚಕರ ವಿಷಯದಲ್ಲಿ ಬಹಳ ಜಾಗ್ರತೆ ಬೇಕು ಅಧ್ಯಕ್ಷರೇ," ಎಂದೆ.

ಅಧ್ಯಕ್ಷರು ಏನೂ ಹೇಳಲಿಲ್ಲ. ಕೈ ಜೇಬಿಗೆ ಹೋಗಿತ್ತು. ಪ್ಲಾಸ್ಟಿಕ್ ಕೊಟ್ಟೆ ಅರ್ಧ ಹೊರಗೆ ಬಂದಿತ್ತು, ಒಳಗೆ ನಾಲ್ಕು ಮಡಿಕೆಯ ನಾಮಪತ್ರದ ನಮೂನೆ. 'ಸೂಚಕರ ಹೆಸರು' ಎಂಬಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅಕ್ಷರ ನನ್ನ ಕನ್ನಡಕಕ್ಕೂ ಕಂಡಿತು. ನನ್ನದೇ ಹೆಸರು.

ಒಂದು ಗಳಿಗೆ ನನ್ನ ಮುಖ ನೋಡಿದರು. ಹಪ್ಪಳದ ತಟ್ಟೆ ನೋಡಿದರು. ಆಮೇಲೆ ಕೊಟ್ಟೆಯನ್ನು ಮತ್ತೆ ಮಡಚಿ, ಜೇಬಿನ ತಳಕ್ಕೆ ತಳ್ಳಿ, ಕೊಡೆ ಬಿಚ್ಚಿದರು.

"ಬರ್ತೀನಿ ಮೇಷ್ಟ್ರೆ. ತೀರ್ಥಹಳ್ಳಿ ಬಸ್ಸು ಬರೋ ಹೊತ್ತಾಯ್ತು."

"ಮತ್ತೆ ನಿಲ್ಲೋದು?" ಎಂದೆ.

"ನಿಲ್ತೀನಿ," ಎಂದರು ಅಂಗಳದಿಂದ, ಮಳೆಯ ಸದ್ದಿಗಿಂತ ಗಟ್ಟಿಯಾಗಿ. "ಸಹಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ಕೊಡೆ ಉಣುಗೋಲು ದಾಟಿತು.