ಗುಂಡು ತಿರುಗಿದ ಕಾಲ

1961ರಲ್ಲಿ ಅಮೆರಿಕದ ಐಬಿಎಂ ಕಂಪನಿ ಸೆಲೆಕ್ಟ್ರಿಕ್ ಎಂಬ ಟೈಪ್‌ರೈಟರನ್ನು ಮಾರುಕಟ್ಟೆಗೆ ಬಿಟ್ಟಿತು. ಅದುವರೆಗೆ ಕೈ ಸ್ವಲ್ಪ ಚುರುಕಾದರೂ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದವು. ಇದರಲ್ಲಿ ಕಡ್ಡಿಗಳೇ ಇಲ್ಲ! ನಿಂಬೆಹಣ್ಣಿನಂಥ ಒಂದು ಗುಂಡು, ಅದರ ಮೈತುಂಬ 88 ಅಕ್ಷರ-ಚಿಹ್ನೆಗಳು. ಕೀಲಿ ಒತ್ತಿದರೆ ಗುಂಡು ಗಿರ್ರನೆ ತಿರುಗಿ, ತುಸು ಬಾಗಿ, ಬೇಕಾದ ಅಕ್ಷರವನ್ನೇ ಹಾಳೆಗೆ ಗುದ್ದುತ್ತಿತ್ತು. ಸಾಹೇಬರ ಪತ್ರಕ್ಕೆ ನೆಟ್ಟಗಿನ ಅಕ್ಷರ, ಔತಣದ ಕರೆಗೆ ಓರೆ ಅಕ್ಷರ; ಗುಂಡು ಬದಲಿಸಿದರಾಯಿತು. 1973ರಲ್ಲಿ ತಪ್ಪಕ್ಷರವನ್ನು ಹಾಳೆಯಿಂದಲೇ ಎತ್ತಿ ತೆಗೆಯುವ ಟೇಪೂ ಬಂದು, ಗುಮಾಸ್ತೆಯರ ಅರ್ಧ ಪಾಪ ಕಳೆಯಿತು.

ಆದರೆ ಈ ಯಂತ್ರದ ನಿಜವಾದ ಗತ್ತು ಸದ್ದಿನಲ್ಲಿತ್ತು. ಟಕಟಕ ಕೇಳಿಸಿದರೆ ಕೆಲಸ ನಡೆಯುತ್ತಿದೆ ಎಂದರ್ಥ. ನಿಂತರೆ ಮೇಲಧಿಕಾರಿ ಕತ್ತೆತ್ತಿ ನೋಡುತ್ತಿದ್ದರು. ಈಗ ಕೀಬೋರ್ಡಿನ ಮುಂದೆ ಮುಖ ಗಂಟಿಕ್ಕಿ ಕೂತವರು ವರದಿ ಬರೆಯುತ್ತಿದ್ದಾರೋ, ಚಪ್ಪಲಿಗೆ ಆರ್ಡರ್ ಹಾಕುತ್ತಿದ್ದಾರೋ, ಬ್ರಹ್ಮನಿಗೂ ತಿಳಿಯದು!