ಕ್ವಾಲಿಟಿಯವರು ಬಂದ್ರು

ಕಾರ್ಖಾನೆಯೊಳಗೆ ನನಗೆ ಹೆಸರಿಲ್ಲ. “ಕ್ವಾಲಿಟಿಯವರು ಬಂದ್ರು” ಎಂಬ ಪಿಸುಮಾತು ನನಗಿಂತ ಮುಂಚೆ ಲೈನಿನ ಕೊನೆ ಮುಟ್ಟಿರುತ್ತದೆ. ನಾನು ಹೋಗುವಷ್ಟರಲ್ಲಿ ಗದ್ದದ ಮೇಲಿದ್ದ ಮಾಸ್ಕುಗಳೆಲ್ಲ ಮೂಗಿಗೇರಿರುತ್ತವೆ. ಜಿಗಣಿ ಕಡೆ ಸಿರಿಂಜು, ಸೂಜಿ ಮಾಡುವ ಜಾಗದಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಮದುವೆಗೆ ಮುಂಚೆ ಅಮ್ಮ ಇದನ್ನು ಗಂಡಿನ ಕಡೆಯವರಿಗೆ ವಿವರಿಸಲಾರದೆ “ಆಸ್ಪತ್ರೆ ಲೈನಲ್ಲಿದ್ದಾಳೆ” ಎಂದುಬಿಟ್ಟಿದ್ದಳು. ಹೆಣ್ಣು ನೋಡಲು ಬಂದ ಭಾವೀ ಮಾವನವರು ಉಪ್ಪಿಟ್ಟು ಮುಗಿಸಿ, ಬಿ.ಪಿ. ನೋಡಮ್ಮ ಎಂದು ತೋಳು ಮಡಿಸಿ ಕೂತರು.

ಹತ್ತು ಸಾವಿರ ಸೂಜಿಯ ಲಾಟು ಬಂದರೆ ಎಲ್ಲವನ್ನೂ ನೋಡಲಾಗದು. ಐಎಸ್ಒ 2859ರ ಕೋಷ್ಟಕದಂತೆ ಮಾಮೂಲಿ ತಪಾಸಣೆಗೆ 200 ಎತ್ತಬೇಕು. ದೋಷದ ಮಿತಿ (ಎಕ್ಯೂಎಲ್) ಶೇ. 0.65 ಇದ್ದರೆ ದೋಷದ್ದು ಮೂರು ಸಿಕ್ಕರೂ ಪಾಸು, ನಾಲ್ಕನೆಯದು ಸಿಕ್ಕರೆ ಇಡೀ ಲಾಟು ಹೋಲ್ಡ್. ಭೂತಗನ್ನಡಿಯಡಿ ತುದಿಯಲ್ಲಿ ಕೊಕ್ಕೆಯಿದೆಯೇ, ಲೋಹದ ಎಳೆ ಎದ್ದಿದೆಯೇ, ಪೊಟ್ಟಣದ ಸೀಲು ಅಂಚಿನ ತನಕ ಕೂತಿದೆಯೇ ಎಂದು ನೋಡುತ್ತಾ ಹೋಗುತ್ತೇನೆ. ಮೂರನೆಯದು ಸಿಕ್ಕೊಡನೆ ಬೆನ್ನ ಹಿಂದೆ ಪ್ರೊಡಕ್ಷನ್ ಸೂಪರ್‌ವೈಸರು ರಾಯರನ್ನು ನೆನೆಯುವುದು ಕೇಳಿಸುತ್ತದೆ. ತಿಂಗಳ ಮೊದಲ ವಾರ ನನ್ನ ಮುಖ ನೋಡದ ಈ ಮನುಷ್ಯ 28ರ ನಂತರ ಕಾಫಿ ತಾನೇ ತಂದುಕೊಡುತ್ತಾರೆ. ಒಮ್ಮೆ ಪೊಟ್ಟಣದೊಳಗೆ ಕಂಡ ಕೂದಲನ್ನು “ಮೇಡಂ, ಅದು ಕೂದಲಲ್ಲ, ಲೈಟಿನ ನೆರಳು” ಎಂದು ವಾದಿಸಿದರು. ನೆರಳನ್ನು ಚಿಮುಟದಲ್ಲಿ ಎತ್ತಿ ಅವರ ಗ್ಲೌಸಿನ ಮೇಲಿಟ್ಟೆ.

ಈ ಕೆಲಸದ ಚಟ ಹೊರಗೂ ಬರುತ್ತದೆ. ಸೂಜಿಯ ಬುಡದ ಬಣ್ಣದಲ್ಲೇ ಅದರ ಗೇಜು ಗೊತ್ತಾಗುವ ಪದ್ಧತಿ ಇದೆ. 18 ಗುಲಾಬಿ, 23 ಕಡುನೀಲಿ, 24 ನೇರಳೆ. ನಂಬರು ಏರಿದಷ್ಟೂ ಸೂಜಿ ಸಪೂರ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಬಾಯಿತಪ್ಪಿ “ಇಪ್ಪತ್ಮೂರರ ನೀಲಿ ತೋರಿಸಿ” ಎಂದೆ. ಅಂಗಡಿಯವನು ಹರ್ಷದಿಂದ ಇಪ್ಪತ್ಮೂರು ಸಾವಿರದ್ದು ಬಿಡಿಸಿ ಹರವಿದ.

ದಾಖಲೆಯ ಶಾಸ್ತ್ರ ಇನ್ನೂ ಕಠಿಣ. ಐಎಸ್ಒ 13485ರ ಆಡಿಟರ್ ಬಂದಾಗ, ಬರೆಯದಿದ್ದರೆ ಮಾಡಿಲ್ಲವೆಂದೇ ಅರ್ಥ. ಬಿಳಿ ಶಾಯಿ ಬಳಿಯುವಂತಿಲ್ಲ. ಒಂದೇ ಗೆರೆ ಎಳೆದು, ಸರಿಯಾದದ್ದು ಬರೆದು, ಸಹಿ ಮತ್ತು ತಾರೀಖು ಹಾಕಬೇಕು, ಹಳೆಯದು ಓದಲು ಬರುತ್ತಿರಬೇಕು. ಓರಗಿತ್ತಿಯ ತಮ್ಮನ ಮದುವೆಯ ಮುಯ್ಯಿ ಕವರಿನ ಮೇಲೆ 1001 ಎಂದು ಬರೆದಿದ್ದೆ. ನಮ್ಮ ಯಜಮಾನರು ಕಣ್ಣು ಬಿಟ್ಟರು. ಗೆರೆ ಎಳೆದು 501 ಮಾಡಿ ಸಹಿ ಹಾಕಿದೆ. ಹಳೆಯದು ಚೆನ್ನಾಗಿಯೇ ಓದಲು ಬಂತಂತೆ.

ಆದರೆ ನಿಜವಾದ ಪರೀಕ್ಷೆ ಆಯುಧಪೂಜೆ. ಕ್ಲೀನ್‌ರೂಮಿಗೆ ಹೂ, ಬಳೆ, ಪೌಡರು, ಕಾಡಿಗೆ ಯಾವುದೂ ಹೋಗುವಂತಿಲ್ಲ. ನಮ್ಮದು ಎಂಟನೇ ದರ್ಜೆ: ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 35,20,000 ಮೀರಬಾರದು. ಧಾರಾಳವೆನಿಸುವ ಲೆಕ್ಕವೇ, ಆದರೆ ಕುಂಕುಮದ ಬಟ್ಟಲು ಹಿಡಿದು ನಿಂತ ನಮ್ಮ ಲೈನಿನ ಪದ್ಮಕ್ಕನನ್ನು ಕಂಡರೆ ಧೈರ್ಯ ಸಾಲದು. ಮೋಲ್ಡಿಂಗಿನ ಹಿರಿಯರೊಬ್ಬರು “ಹೋದ ವರ್ಷ ಒಳಗೆ ಪೂಜೆ ಬೇಡ ಅಂದ್ರಿ, ಡೈ ಬಿರುಕು ಬಿಡ್ತು” ಎಂದರು. ಇಷ್ಟು ಸ್ಪಷ್ಟವಾದ ಮೂಲಕಾರಣ ನಮ್ಮ ಯಾವ ತನಿಖಾ ವರದಿಯಲ್ಲೂ ಇರಲಿಲ್ಲ. ಕೊನೆಗೆ ರಾಜಿಯಾಯಿತು. ಯಂತ್ರಗಳ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಏರ್‌ಲಾಕಿನ ಹೊರಬಾಗಿಲಿಗೆ ಅಂಟಿಸಿ, ಅವಕ್ಕೇ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಬೂದುಗುಂಬಳ ಗೇಟಿನಾಚೆ. ನನ್ನ ವರ್ನಿಯರ್ ಕ್ಯಾಲಿಪರನ್ನೂ ತಟ್ಟೆಯಲ್ಲಿಟ್ಟರು. ಕ್ಯಾಲಿಬ್ರೇಶನ್ ಸ್ಟಿಕರಿನ ಮೇಲೆ ಮಾತ್ರ ಹಚ್ಚಬೇಡಿ ಎಂದು ಬೇಡಿಕೊಂಡೆ. ಅರ್ಚಕರು ಮಂಗಳಾರತಿ ಎತ್ತಿದ್ದರು. ಆಗ ಡಾಕ್ಯುಮೆಂಟ್ ವಿಭಾಗದ ಹೊಸ ಹುಡುಗ ನನ್ನ ಕಿವಿಯ ಬಳಿ ಬಂದು, “ಮೇಡಂ, ಈ ಫೋಟೋಗಳಿಗೆ ಕಂಟ್ರೋಲ್ ನಂಬರೇ ಇಲ್ಲ” ಎಂದ. ಇವನು ಉದ್ಧಾರವಾಗುತ್ತಾನೆ ಎಂದುಕೊಂಡೆ.

ಮೊನ್ನೆ ನಾಯಿ ಪರಚಿ ಚುಚ್ಚುಮದ್ದಿಗೆ ಹೋಗಿದ್ದೆ. ನರ್ಸಮ್ಮ ಪೊಟ್ಟಣ ಹರಿಯುವಾಗ ಕತ್ತು ಚಾಚಿ ಸೀಲು ನೋಡಿದೆ, ಆಮೇಲೆ ಸೂಜಿಯ ತುದಿ. “ಆ ಕಡೆ ನೋಡಿ ಮೇಡಂ, ಇಷ್ಟು ದೊಡ್ಡವರಾಗಿ ಹೆದರ್ತೀರಲ್ಲ” ಎಂದು ಗದರಿದರು. ಹೆದರಿಕೆಯಲ್ಲ. ಅದು ನಮ್ಮ ಕಂಪನಿಯದಲ್ಲ, ಸೀಲು ಒಂದೆಳೆ ಏರುಪೇರಿಲ್ಲದೆ ಕೂತಿತ್ತು. ಹೊಟ್ಟೆ ಉರಿದುಹೋಯಿತು, ಚುಚ್ಚಿದ್ದು ಯಾವಾಗ ಎಂದು ತಿಳಿಯಲೇ ಇಲ್ಲ.