ಮೈಕಾನುಸಂಧಾನ: ಸಂವಾದದ ತಾತ್ವಿಕ ನೆಲೆಗಳ ಒಂದು ಮರುನಿರ್ವಚನ

ಪ್ರಸ್ತುತ ಪ್ರಬಂಧವು ವಿಚಾರ ಸಂಕಿರಣದ ಕೊನೆಗೆ, ಊಟಕ್ಕೆ ತುಸು ಮುಂಚೆ, ಸಭಿಕನು ಧ್ವನಿವರ್ಧಕದೊಡನೆ ನಡೆಸುವ ಮುಖಾಮುಖಿಯನ್ನು ಒಂದು ಪಠ್ಯವೆಂದು ಪರಿಭಾವಿಸಿ, ಅದರ ಬಹುಮುಖಿ ಆಯಾಮಗಳ ಸಂಕಥನವನ್ನು ಶೋಧಿಸುವ ಪೂರ್ವಸಿದ್ಧತೆಯ ಪ್ರಾಸ್ತಾವಿಕ ಹೆಜ್ಜೆಯಾಗಿದೆ. (ಈ ವಾಕ್ಯ ಅರ್ಥವಾದವರು ಮುಂದೆ ಓದಬೇಕಿಲ್ಲ, ಅವರಿಗೆ ಪಿಎಚ್.ಡಿ. ಆಗಿದೆ.)

ಗೌತಮನ ನ್ಯಾಯಸೂತ್ರದ ಪ್ರಕಾರ ಚರ್ಚೆ ಮೂರು ಬಗೆ. ನಿಜ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವುವುದು ವಿತಂಡ. ನಾಲ್ಕನೆಯದು ಅವನಿಗೆ ಹೊಳೆಯಲಿಲ್ಲ. ಆಗ ಮೈಕು ಇರಲಿಲ್ಲವಲ್ಲ. 'ಪ್ರಶ್ನೆ ಏನಿಲ್ಲ, ಒಂದೆರಡು ಅನಿಸಿಕೆ ಹಂಚ್ಕೋತೀನಿ' ಎಂದು ಶುರುವಾಗುವ ಇದನ್ನು ಸ್ವಯಂಜಲ್ಪ ಎನ್ನೋಣ. ಉಪಭೇದಗಳು: ಅ) ಸ್ವಕೃತಿಸ್ಮರಣೆ: 'ಇದನ್ನ ನನ್ನ ಪುಸ್ತಕದಲ್ಲಿ ಆಗಲೇ ಹೇಳಿದೀನಿ.' ಆ) ಸ್ವಗುರುಸ್ಮರಣೆ. ಇ) ಸಾಕು, ಎಲ್ಲವೂ ಒಂದೇ ಭೇದ: ನಾನು.

ಸೋಲಿನ ಎಡೆಗಳನ್ನೂ ಸೂತ್ರಕಾರ ಎಣಿಸಿದ್ದಾನೆ, ಒಟ್ಟು 22 ನಿಗ್ರಹಸ್ಥಾನ. ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ತಿಳಿಯದಿದ್ದರೆ ಅವಿಜ್ಞಾತಾರ್ಥ; ನಮ್ಮಲ್ಲಿ ಇದಕ್ಕೆ ಚಪ್ಪಾಳೆ. ಬೇರೆ ಕೆಲಸವಿದೆಯೆಂದು ನಡುವೆ ಎದ್ದರೆ ವಿಕ್ಷೇಪ. ನಮ್ಮಲ್ಲಿ ಅದು ಉದ್ಘಾಟಕರ ಹಕ್ಕು. ಎದುರಿನವರು ಆಡಿದ್ದನ್ನು ಮೊದಲು ತಿರುಗಿ ಹೇಳಲಾಗದಿದ್ದರೆ ಅನನುಭಾಷಣ. ಇದೊಂದನ್ನೇ ಜಾರಿಗೆ ತಂದರೆ ನಮ್ಮ ಸಂವಾದಗಳೆಲ್ಲ ಐದು ನಿಮಿಷಕ್ಕೆ ಮುಗಿದಾವು.

ಮುಗಿಯಲಿ! ಮೊನ್ನೆಯ ಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಕೈ ಎತ್ತಿದವಳು ಇಳಿಸಲೇ ಇಲ್ಲ. 'ಕನ್ನಡದಲ್ಲಿ ಹೆಣ್ಣಿನ ಸಾಹಿತ್ಯ ವಚನಗಳಿಂದ ಶುರು' ಎಂಬ ಭಾಷಣಕಾರರ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅಡಿಗೆರೆ ಎಳೆದು, ಕೆಳಗೆ 'ಹಾಗಾದರೆ ಬೀಸುವ ಪದ ಕಟ್ಟಿದವರು?' ಎಂದು ಬರೆದುಕೊಂಡಿದ್ದಳು. ಅವರ ಮಾತನ್ನು ಕೇಳಿಸಿಕೊಂಡಿದ್ದಳು, ತನ್ನದೊಂದು ಸಂಶಯ ಸೇರಿಸಿದ್ದಳು. ಉತ್ತರ ಕೊಡಬೇಕಾದರೆ ಅವರು ಯೋಚಿಸಬೇಕಿತ್ತು. ಇಡೀ ದಿನಕ್ಕೆ ಬೇಕಿದ್ದ ಮಾತು ಅದೊಂದೇ.

ಮೈಕು ಮುಂದಿನ ಸಾಲು ದಾಟಲಿಲ್ಲ. 'ಸಮಯದ ಅಭಾವ' ಎಂದರು ನಿರೂಪಕರು. ಗಂಟಲು ಸರಿಮಾಡಿಕೊಳ್ಳುವವರಿಗೆಲ್ಲ ಸಮಯವಿತ್ತು, ಅವಳಿಗಿರಲಿಲ್ಲ. ಅವಳು ಪುಸ್ತಕ ಮುಚ್ಚಿ ಹೊರಟಳು. ಇನ್ನು ನಾವು 'ಯುವಜನತೆ ಮತ್ತು ಸಾಹಿತ್ಯದ ನಿರಾಸಕ್ತಿ' ಎಂದು ಇನ್ನೊಂದು ಗೋಷ್ಠಿ ಇಡುತ್ತೇವೆ. ಸ್ವಾಗತ, ಹಾರ, ನೆನಪಿನ ಕಾಣಿಕೆ ಸಮೇತ.

ಅಧ್ಯಕ್ಷತೆ ವಹಿಸುವ ಮಹನೀಯರಲ್ಲಿ ವಿನಂತಿ: ಮೈಕನ್ನು ಮೊದಲು ಹಿಂದಿನ ಸಾಲಿಗೆ ಕಳಿಸಿ. ಮುಂದಿನವರು ತಮ್ಮ ಅನಿಸಿಕೆಗಳನ್ನು ಊಟದ ಸರದಿಯಲ್ಲಿ ಹಂಚಿಕೊಳ್ಳಲಿ.